ಇರಿನೊಟೆಕಾನ್: ಒಂದು ಅಣು ನಡೆದ ದಾರಿ

ನಮ್ಮ ತಂಡಕ್ಕೆ ಹೊಸದಾಗಿ ಸೇರುವವರ ಕೈಗೆ ಮೊದಲ ವಾರವೇ ಒಂದು ಬಿಳಿ ಹಾಳೆ ಕೊಟ್ಟು, ಕರುಳಿನ ಕ್ಯಾನ್ಸರ್‌ಗೆ ಕೊಡುವ ಇರಿನೊಟೆಕಾನ್ ಎಂಬ ಔಷಧದ ಅಣುವಿನ ರಚನೆಯನ್ನು ಬರೆಯಲು ಹೇಳುತ್ತೇನೆ. ಬರೆದಾದ ಮೇಲೆ ಕೇಳುವುದು ಒಂದೇ: ಇದರಲ್ಲಿ ಯಾವ ಭಾಗ ಯಾವ ಕೆಲಸಕ್ಕೆ ಇದೆ, ಗುರುತು ಹಾಕಿ. ಗುರಿಗೆ ಅಂಟಿಕೊಳ್ಳುವ ಉಂಗುರಗಳನ್ನು ಹೆಚ್ಚಿನವರು ಸರಿಯಾಗಿಯೇ ತೋರಿಸುತ್ತಾರೆ. ಒಂದು ಪಕ್ಕಕ್ಕೆ ಉದ್ದವಾಗಿ ಚಾಚಿಕೊಂಡಿರುವ ಉಳಿದ ಭಾಗ ಏಕಿದೆ ಎಂದು ಕೇಳಿದರೆ ಪೆನ್ನು ನಿಂತುಹೋಗುತ್ತದೆ.

ನಾನು ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಮೆಡಿಸಿನಲ್ ಕೆಮಿಸ್ಟ್. ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರ್‌ಗೆ ಔಷಧವಾಗಬಲ್ಲ ಸಣ್ಣ ಅಣುಗಳನ್ನು ಕಾಗದದ ಮೇಲೆ ರೂಪಿಸುವುದು, ಫ್ಯೂಮ್ ಹುಡ್‌ನಲ್ಲಿ ತಯಾರಿಸುವುದು, ಪರೀಕ್ಷೆಗೆ ಕಳಿಸುವುದು, ಫಲಿತಾಂಶ ಬಂದ ಮೇಲೆ ರಚನೆಯನ್ನು ಮತ್ತೆ ತಿದ್ದುವುದು, ವರ್ಷಗಳಿಂದ ಇದೇ ಕೆಲಸ. ನಾವು ತಯಾರಿಸುವ ಅಣುಗಳು ಗ್ರಾಹಕ ಕಂಪನಿಗಳವು, ಅವುಗಳ ಬಗ್ಗೆ ಇಲ್ಲಿ ಬರೆಯುವಂತಿಲ್ಲ. ಇರಿನೊಟೆಕಾನ್ ಮಾತ್ರ ಈಗ ಎಲ್ಲರ ಸ್ವತ್ತು. ಅದರ ಪೇಟೆಂಟ್ ಮುಗಿದು ಎಷ್ಟೋ ಕಾಲವಾಯಿತು, ಭಾರತದ ಹಲವು ಕಂಪನಿಗಳು ಅದನ್ನು ತಯಾರಿಸುತ್ತವೆ.

ಈಚೆಗೆ ಸೇರುವ ಹುಡುಗ ಹುಡುಗಿಯರು ಕಂಪ್ಯೂಟರಿನಲ್ಲಿ ಬಲು ಚುರುಕು. ಪ್ರೋಟೀನಿನ ಕುಳಿಯೊಳಗೆ ಅಣುವನ್ನು ಕೂರಿಸಿ, ಬಣ್ಣಬಣ್ಣದ ಚಿತ್ರ ತೆಗೆದು, ಅದು ಎಷ್ಟು ಚೆನ್ನಾಗಿ ಕೂರುತ್ತದೆ ಎಂದು ಹೇಳುವ ಡಾಕಿಂಗ್ ಅಂಕವನ್ನು ಪಕ್ಕದಲ್ಲಿ ಬರೆದು ತರುತ್ತಾರೆ. ಅಂಕ ಚೆನ್ನಾಗಿ ಬಂದ ದಿನ ಅವರ ಮುಖ ನೋಡಬೇಕು. ಆ ಸಂಭ್ರಮ ನನಗೆ ಇಷ್ಟವೇ. ಆದರೆ ಆ ಅಣು ನೀರಿನಲ್ಲಿ ಕರಗುತ್ತದೆಯೇ, ರಕ್ತದಲ್ಲಿ ಎಷ್ಟು ಹೊತ್ತು ಕೆಡದೆ ಉಳಿಯುತ್ತದೆ, ಯಕೃತ್ತು ಅದನ್ನು ಏನು ಮಾಡುತ್ತದೆ, ದೇಹದಿಂದ ಹೊರಗೆ ಹೋಗುವಾಗ ಯಾವ ದಾರಿ ಹಿಡಿಯುತ್ತದೆ ಎಂಬುದಕ್ಕೆ ಚಿತ್ರದಲ್ಲಿ ಉತ್ತರವಿರುವುದಿಲ್ಲ. ಕರುಳಿನ ಕ್ಯಾನ್ಸರ್ ವಿಷಯದಲ್ಲಂತೂ ಈ ಕೊನೆಯ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗುವಂತೆಯೇ ಇಲ್ಲ. ಔಷಧ ಕೆಲಸ ಮಾಡಬೇಕಾದ ಜಾಗವೂ ಅದು ಹೊರಬೀಳುವ ದಾರಿಯೂ ಇಲ್ಲಿ ಒಂದೇ. ಇದನ್ನು ಇರಿನೊಟೆಕಾನ್‌ನಷ್ಟು ಸ್ಪಷ್ಟವಾಗಿ ಕಲಿಸುವ ಅಣುವನ್ನು ನಾನು ಇನ್ನೊಂದು ಕಂಡಿಲ್ಲ.

ಅದರ ಮೂಲ ಒಂದು ಮರ. 1950ರ ದಶಕದಲ್ಲಿ ಅಮೆರಿಕದ ಕೃಷಿ ಇಲಾಖೆಯ ಫಿಲಡೆಲ್ಫಿಯಾ ಪ್ರಯೋಗಾಲಯದಲ್ಲಿ ಮನ್ರೋ ವಾಲ್ ಎಂಬ ರಸಾಯನ ವಿಜ್ಞಾನಿ ಗಿಡಮರಗಳಲ್ಲಿ ಸ್ಟೀರಾಯ್ಡ್ ಹುಡುಕುತ್ತಿದ್ದರು. ಕಾರ್ಟಿಸೋನ್ ತಯಾರಿಕೆಗೆ ಆಗ ಅಂಥ ಕಚ್ಚಾವಸ್ತು ಬೇಕಾಗಿತ್ತು. ಹಾಗೆ ಪರೀಕ್ಷೆಗೆ ಬಂದ ಸಸ್ಯಗಳಲ್ಲಿ ಚೀನಾ ಮೂಲದ ಕ್ಯಾಂಪ್ಟೊಥೆಕಾ ಅಕ್ಯುಮಿನೇಟಾ ಮರವೂ ಒಂದು. ಅದರ ಸಾರ ಕ್ಯಾನ್ಸರ್ ಪರೀಕ್ಷೆಯಲ್ಲಿ ಎದ್ದು ಕಂಡಿತು. ಮುಂದೆ ವಾಲ್ ಉತ್ತರ ಕ್ಯಾರೊಲಿನಾದ ರಿಸರ್ಚ್ ಟ್ರಯಾಂಗಲ್ ಇನ್‌ಸ್ಟಿಟ್ಯೂಟ್‌ಗೆ ಹೋದರು. ಅಲ್ಲಿ ಅವರ ಜೊತೆಗೂಡಿದವರು ಮನಸುಖ್ ವಾನಿ, ಮಹಾರಾಷ್ಟ್ರದ ನಂದೂರ್‌ಬಾರ್‌ನಲ್ಲಿ ಹುಟ್ಟಿ ಮುಂಬೈಯಲ್ಲಿ ಓದಿದವರು. 1966ರಲ್ಲಿ ಇವರ ತಂಡ ಆ ಮರದಲ್ಲಿ ಸಿಕ್ಕ ಕ್ಯಾಂಪ್ಟೊಥೆಸಿನ್ ಅಣುವಿನ ರಚನೆಯನ್ನು ಪ್ರಕಟಿಸಿತು; ಇರಿನೊಟೆಕಾನ್ ಮುಂದೆ ರೂಪುಗೊಂಡದ್ದು ಇದರಿಂದಲೇ. ಐದು ವರ್ಷಗಳ ನಂತರ ಟ್ಯಾಕ್ಸಾಲ್ ಎಂಬ ಇನ್ನೊಂದು ಕ್ಯಾನ್ಸರ್ ಔಷಧದ ರಚನೆಯನ್ನು ಲೋಕಕ್ಕೆ ಕೊಟ್ಟವರೂ ಇವರೇ. ಒಬ್ಬ ರಸಾಯನ ವಿಜ್ಞಾನಿಯ ಬದುಕಿಗೆ ಇವುಗಳಲ್ಲಿ ಒಂದೇ ಸಾಕಿತ್ತು. ವಾನಿಯವರ ಹೆಸರು ನಮ್ಮ ಶಾಲಾ ಪುಸ್ತಕಗಳಲ್ಲಿ ಇರಬೇಕಾಗಿತ್ತು ಎಂದು ನನಗೆ ಬಲವಾಗಿ ಅನಿಸುತ್ತದೆ.

1972ರಲ್ಲಿ ಸೀಬಾ ಎಂಬ ಔಷಧ ಕಂಪನಿಯ ಮುಂಬೈ ಸಂಶೋಧನಾ ಕೇಂದ್ರದಿಂದ ಇನ್ನೊಂದು ಸುದ್ದಿ ಬಂತು. ಟಿ.ಆರ್. ಗೋವಿಂದಾಚಾರಿ ಮತ್ತು ವಿಶ್ವನಾಥನ್ ಇದೇ ಅಣುವನ್ನು ಪಶ್ಚಿಮ ಘಟ್ಟದ ಒಂದು ಸಣ್ಣ ಮರದಲ್ಲಿ ಕಂಡಿದ್ದರು. ಆಗ ಅದಕ್ಕೆ ಮ್ಯಾಪಿಯಾ ಫೀಟಿಡಾ ಎಂಬ ಹೆಸರು, ಈಗ ನೊಥಾಪೊಡೈಟಿಸ್ ನಿಮ್ಮೋನಿಯಾನಾ. ಕನ್ನಡದಲ್ಲಿ ದುರ್ವಾಸನೆ ಮರ. ನಮ್ಮ ಊರು ಸಿದ್ದಾಪುರದ ಕಡೆ. ಸೊಪ್ಪಿನ ಬೆಟ್ಟದ ಅಂಚಿನಲ್ಲಿ ಈ ಮರವನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಹೂ ಬಿಟ್ಟಾಗ ಮೂಗು ಮುಚ್ಚಿಕೊಂಡು ದಾಟುತ್ತಿದ್ದೆವು. ಅದರೊಳಗೆ ಏನಿದೆ ಎಂದು ನನಗೆ ತಿಳಿದದ್ದು ಎಂ.ಎಸ್ಸಿ. ಓದುವಾಗ, ಅದೂ ಒಂದು ಪ್ರಬಂಧದ ಅಡಿಟಿಪ್ಪಣಿಯಲ್ಲಿ.

ಈ ಮರದ ಮುಂದಿನ ಕಥೆ ಸಂತೋಷದ್ದಲ್ಲ. 1990ರ ದಶಕದಲ್ಲಿ ಕ್ಯಾಂಪ್ಟೊಥೆಸಿನ್‌ನಿಂದ ತಯಾರಾದ ಔಷಧಗಳಿಗೆ ಪರವಾನಗಿ ಸಿಕ್ಕಿ ಕಚ್ಚಾವಸ್ತುವಿಗೆ ಬೇಡಿಕೆ ಹೆಚ್ಚಿದಾಗ ಘಟ್ಟದಲ್ಲಿ, ಅದರಲ್ಲೂ ಮಹಾರಾಷ್ಟ್ರದ ಕಾಡುಗಳಲ್ಲಿ, ಈ ಮರಗಳು ಲೆಕ್ಕವಿಲ್ಲದಷ್ಟು ಉರುಳಿದವು. ಎಲೆ ಕೊಯ್ದು ಮುಗಿಸುವ ವಸ್ತು ಇದಲ್ಲ. ಬೇರಿನಲ್ಲಿ ಮತ್ತು ಕಾಂಡದ ತೊಗಟೆಯಲ್ಲಿ ಅಂಶ ಹೆಚ್ಚು, ಹಾಗಾಗಿ ಮರವನ್ನೇ ಬುಡಸಮೇತ ತೆಗೆಯುತ್ತಾರೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆರ್. ಉಮಾಶಂಕರ್ ಮತ್ತು ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯ ಸಂಗಡಿಗರು ಘಟ್ಟದ ಉದ್ದಕ್ಕೂ ಎಲ್ಲೆಲ್ಲಿಯ ಮರದಲ್ಲಿ ಎಷ್ಟೆಷ್ಟು ಕ್ಯಾಂಪ್ಟೊಥೆಸಿನ್ ಇದೆ ಎಂದು ಅಳೆದು, ಹೆಚ್ಚು ಇಳುವರಿ ಕೊಡುವ ಮರಗಳನ್ನು ಗುರುತಿಸಿದರು. ಮರದ ಅಂಗಾಂಶದೊಳಗೆ ವಾಸಿಸುವ ಶಿಲೀಂಧ್ರಗಳಿಂದಲೇ ಈ ಅಣುವನ್ನು ಪಡೆಯಬಹುದೇ ಎಂದೂ ಹುಡುಕಿದರು. ಕಾಡಿನ ಮರ ಕಡಿಯದೆ ಔಷಧ ಪಡೆಯುವ ದಾರಿ ಹುಡುಕುವುದೂ ಔಷಧ ವಿನ್ಯಾಸದ ಭಾಗವೇ ಎಂದು ನಾನು ಎಣಿಸುತ್ತೇನೆ.

ಈಗ ಅಣುವಿನ ವಿಷಯಕ್ಕೆ ಬರುತ್ತೇನೆ. ಕ್ಯಾಂಪ್ಟೊಥೆಸಿನ್ ತಿಳಿಹಳದಿ ಬಣ್ಣದ ಪುಡಿ. ವಸ್ತುಗಳನ್ನು ಬೇರ್ಪಡಿಸಿ ನೋಡುವ ಟಿಎಲ್‌ಸಿ ಪ್ಲೇಟ್ ಮೇಲೆ ಹಾಕಿ ಯುವಿ ದೀಪದಡಿ ಹಿಡಿದರೆ ನೀಲಿಯಾಗಿ ಹೊಳೆಯುತ್ತದೆ. ನೋಡಲು ಬಹಳ ಚೆಂದ. ಐದು ಉಂಗುರಗಳು ಒಂದಕ್ಕೊಂದು ಬೆಸೆದುಕೊಂಡು ಚಪ್ಪಟೆಯಾಗಿರುವ ಇಂಥ ಅಣು ನೀರಿನಲ್ಲಿ ಕರಗಲು ಒಪ್ಪುವುದೇ ಇಲ್ಲ. ಡಿಎಂಎಸ್‌ಒ ಎಂಬ ಪ್ರಯೋಗಾಲಯದ ದ್ರಾವಕದಲ್ಲಿ ಕರಗುತ್ತದೆ, ಆದರೆ ಅದನ್ನು ರೋಗಿಯ ರಕ್ತನಾಳಕ್ಕೆ ಡ್ರಿಪ್ ಹಾಕಲಾಗುವುದಿಲ್ಲ. ಅಂದಿನ ವಿಜ್ಞಾನಿಗಳು ಒಂದು ಸುಲಭದ ದಾರಿ ಹಿಡಿದರು. ಐದನೆಯ ಉಂಗುರ ಲ್ಯಾಕ್ಟೋನ್ ಎಂಬ, ತೆರೆದು ಮುಚ್ಚಬಲ್ಲ ಬಗೆಯದು. ಕ್ಷಾರ ಹಾಕಿದರೆ ಅದು ತೆರೆದುಕೊಂಡು ಸೋಡಿಯಂ ಲವಣವಾಗುತ್ತದೆ, ನೀರಿನಲ್ಲಿ ಚೆನ್ನಾಗಿ ಕರಗುತ್ತದೆ. ಈ ಲವಣವನ್ನೇ ರೋಗಿಗಳಿಗೆ ಕೊಟ್ಟು ನೋಡಿದರು. ಗೆಡ್ಡೆಗಳ ಮೇಲೆ ಪರಿಣಾಮ ಕಡಿಮೆ, ಮೂತ್ರಕೋಶದಲ್ಲಿ ರಕ್ತಸ್ರಾವ ಹೆಚ್ಚು. 1970ರ ದಶಕದ ಮೊದಲ ವರ್ಷಗಳಲ್ಲಿಯೇ ಪ್ರಯೋಗ ನಿಂತಿತು.

ಆದದ್ದು ಇಷ್ಟು: ಉಂಗುರ ಮುಚ್ಚಿದ್ದರೆ ಮಾತ್ರ ಅಣು ಕ್ಯಾನ್ಸರ್ ಕೋಶವನ್ನು ಕೊಲ್ಲುತ್ತದೆ. ತೆರೆದ ಉಂಗುರ ರಕ್ತದಲ್ಲಿ ಹೆಚ್ಚಾಗಿ ತೆರೆದೇ ಉಳಿಯುತ್ತದೆ. ಆಮ್ಲೀಯವಾದ ಮೂತ್ರಕ್ಕೆ ಇಳಿದಾಗ ಮತ್ತೆ ಮುಚ್ಚಿಕೊಳ್ಳುತ್ತದೆ. ಅಂದರೆ ಬೇಕಾದಲ್ಲಿ ಸತ್ವವಿಲ್ಲ, ಬೇಡವಾದಲ್ಲಿ ಪೂರ್ತಿ ವಿಷ. ಹೋಗಲಿ, ಮುಚ್ಚಿದ ಉಂಗುರವನ್ನೇ ಹೇಗಾದರೂ ರಕ್ತಕ್ಕೆ ಸೇರಿಸಿದರೆ? ಮನುಷ್ಯರ ರಕ್ತದಲ್ಲಿರುವ ಆಲ್ಬುಮಿನ್ ಪ್ರೋಟೀನ್ ತೆರೆದ ರೂಪವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಹಿಡಿದಷ್ಟೂ ಉಳಿದ ಉಂಗುರಗಳು ತೆರೆಯುತ್ತ ಹೋಗುತ್ತವೆ. ಇಲಿಯ ಆಲ್ಬುಮಿನ್‌ಗೆ ಈ ಗುಣ ಅಷ್ಟಾಗಿ ಇಲ್ಲ. ಇಲಿಗಳಲ್ಲಿ ಗೆದ್ದ ಅಣು ಮನುಷ್ಯರಲ್ಲಿ ಸೋಲಲು ಇದೊಂದೇ ಸಾಕು. ನಮ್ಮಲ್ಲಿ ಯಾವ ಅಣುವನ್ನಾದರೂ ಇಲಿಯ ಪ್ಲಾಸ್ಮಾದಲ್ಲಿ ಪರೀಕ್ಷಿಸಲು ಕಳಿಸುವ ದಿನವೇ ಮನುಷ್ಯರ ಪ್ಲಾಸ್ಮಾದಲ್ಲಿಯೂ ಪರೀಕ್ಷಿಸಬೇಕೆಂದು ನಾನು ಹಟ ಹಿಡಿಯುತ್ತೇನೆ. ಖರ್ಚು ಹೆಚ್ಚಾಗುತ್ತದೆ ಎಂಬ ಮಾತು ಬಂದಾಗಲೆಲ್ಲ ಈ ಕಥೆಯನ್ನು ಹೇಳಿದ್ದೇನೆ.

ಇಷ್ಟೆಲ್ಲ ಆಗುವಾಗಲೂ ಈ ಅಣುವಿನ ಗುರಿ ಯಾವುದು ಎಂದೇ ಗೊತ್ತಿರಲಿಲ್ಲ. ಅದು ಸ್ಪಷ್ಟವಾದದ್ದು 1985ರಲ್ಲಿ, ಲೆರಾಯ್ ಲಿಯು ಮತ್ತು ಸಂಗಡಿಗರಿಂದ. ಕೋಶ ವಿಭಜನೆಗೆ ಮುಂಚೆ ಡಿಎನ್‌ಎ ನಕಲಾಗಬೇಕು. ಎಳೆಗಳು ಬಿಚ್ಚಿಕೊಳ್ಳುತ್ತ ಹೋದಂತೆ ಮುಂದಿನ ಭಾಗದಲ್ಲಿ ಹುರಿ ಬಿಗಿಯುತ್ತದೆ. ಟೋಪೋಐಸೊಮರೇಸ್-1 ಎಂಬ ಕಿಣ್ವ ಒಂದು ಎಳೆಯನ್ನು ಕತ್ತರಿಸಿ, ಹುರಿ ಸಡಿಲಗೊಳಿಸಿ, ಮತ್ತೆ ಬೆಸೆಯುತ್ತದೆ. ಕ್ಯಾಂಪ್ಟೊಥೆಸಿನ್ ಸರಿಯಾಗಿ ಆ ಕತ್ತರಿಸಿದ ಜಾಗದಲ್ಲಿ ನುಗ್ಗಿ ಕೂತು ಬೆಸುಗೆಗೆ ಬಿಡುವುದಿಲ್ಲ. ಹಿಂದಿನಿಂದ ಬರುವ ನಕಲು ಯಂತ್ರ ಅಲ್ಲಿಗೆ ಬಂದು ಡಿಕ್ಕಿ ಹೊಡೆದಾಗ ಎರಡೂ ಎಳೆಗಳು ಮುರಿಯುತ್ತವೆ, ಕೋಶ ಸಾಯುತ್ತದೆ.

ಇಲ್ಲಿ ನನ್ನನ್ನು ಪ್ರತಿ ಸಲವೂ ಬೆರಗುಗೊಳಿಸುವ ಸಂಗತಿಯೊಂದಿದೆ. ಕಿಣ್ವ ಒಂದೇ ಇದ್ದರೆ ಈ ಅಣು ಕೂರಲು ಜಾಗವಿಲ್ಲ. ಬರೀ ಡಿಎನ್‌ಎ ಇದ್ದರೂ ಸರಿಯಾದ ಜಾಗವಿಲ್ಲ. ಎರಡೂ ಕೂಡಿ, ಎಳೆ ಕತ್ತರಿಸಲ್ಪಟ್ಟು, ಇನ್ನೂ ಬೆಸೆಯದಿರುವ ಆ ಕ್ಷಣದಲ್ಲಿ ಮಾತ್ರ ಕುಳಿಯೊಂದು ಹುಟ್ಟುತ್ತದೆ. ಖಾಲಿ ಪ್ರೋಟೀನಿನ ಚಿತ್ರ ಇಟ್ಟುಕೊಂಡು ಕಂಪ್ಯೂಟರಿನಲ್ಲಿ ಹುಡುಕಿದ್ದರೆ ಈ ಔಷಧ ಸಿಗುತ್ತಲೇ ಇರಲಿಲ್ಲ. ಇದೇ ಕುಟುಂಬದ ಟೋಪೋಟೆಕಾನ್ ಹೀಗೆ ಕೂತಿರುವ ಸ್ಫಟಿಕ ರಚನೆ 2002ರಲ್ಲಿ ಪ್ರಕಟವಾಯಿತು. ಕತ್ತರಿಸಿದ ಜಾಗದ ಮೇಲಿನ ಮತ್ತು ಕೆಳಗಿನ ಬೇಸ್ ಜೋಡಿಗಳ ನಡುವೆ ಅಣು ಚಪ್ಪಟೆಯಾಗಿ ಸೇರಿಕೊಂಡಿದೆ. ಐದನೆಯ ಉಂಗುರದ ಮೇಲಿನ ಹೈಡ್ರಾಕ್ಸಿಲ್ ಕಿಣ್ವದ ಸರಪಣಿಯಲ್ಲಿ 533ನೆಯ ಕೊಂಡಿಯಾದ ಆಸ್ಪಾರ್ಟಿಕ್ ಆಮ್ಲಕ್ಕೆ ಕೈಚಾಚಿದೆ. ಆ ಹೈಡ್ರಾಕ್ಸಿಲ್‌ನ ದಿಕ್ಕು ತಿರುಗಿದ್ದರೆ, ಅಂದರೆ ಅಣು ಕನ್ನಡಿ ರೂಪದ್ದಾಗಿದ್ದರೆ, ಔಷಧ ಗುಣವೇ ಇಲ್ಲ.

ಕರಗದ ಅಣುವಿಗೆ ದಾರಿ ತೋರಿಸಿದ್ದು ಜಪಾನ್. ಪುಟ್ಟ ಬಾಟಲಿಗಳಲ್ಲಿ ಹುದುಗಿಸಿದ ಹಾಲಿನ ಪಾನೀಯ ಮಾರುವ ಯಾಕುಲ್ಟ್ ಕಂಪನಿಯನ್ನು ಬೆಂಗಳೂರಿನ ಅಂಗಡಿಗಳಲ್ಲಿ ನೋಡಿರುತ್ತೀರಿ. ಅದೇ ಕಂಪನಿಯ ಪ್ರಯೋಗಾಲಯ 1980ರ ದಶಕದಲ್ಲಿ ಇರಿನೊಟೆಕಾನ್ ತಯಾರಿಸಿತು. ಕ್ಯಾಂಪ್ಟೊಥೆಸಿನ್‌ನ ಏಳನೆಯ ಸ್ಥಾನದಲ್ಲಿ ಒಂದು ಇಥೈಲ್ ಗುಂಪು, ಹತ್ತನೆಯ ಸ್ಥಾನದಲ್ಲಿ ಒಂದು ಹೈಡ್ರಾಕ್ಸಿಲ್ ಸೇರಿಸಿದರೆ ಎಸ್‌ಎನ್-38 ಎಂಬ ಅಣು. ಇದು ಬಹಳ ಪ್ರಬಲ, ಆಲ್ಬುಮಿನ್‌ನ ಹಿಡಿತಕ್ಕೂ ಅಷ್ಟಾಗಿ ಸಿಗುವುದಿಲ್ಲ, ಆದರೆ ಇದೂ ಕರಗುವುದಿಲ್ಲ. ಆಗ ಆ ಹತ್ತನೆಯ ಸ್ಥಾನದ ಆಮ್ಲಜನಕಕ್ಕೆ ಕಾರ್ಬಮೇಟ್ ಬಂಧದ ಮೂಲಕ ಎರಡು ಪಿಪೆರಿಡಿನ್ ಉಂಗುರಗಳನ್ನು ಸಾಲಾಗಿ ಜೋಡಿಸಿದರು. ಹೊಸಬರ ಪೆನ್ನು ನಿಂತುಹೋಗುವ ಭಾಗ ಇದೇ. ಕೊನೆಯ ಪಿಪೆರಿಡಿನ್‌ನ ಸಾರಜನಕ ಪ್ರೋಟಾನ್ ಹಿಡಿದು ಲವಣವಾಗುತ್ತದೆ, ಇಡೀ ಅಣುವನ್ನು ನೀರಿನಲ್ಲಿ ಕರಗಿಸುತ್ತದೆ, ಐದನೆಯ ಉಂಗುರವನ್ನು ತೆರೆಯುವ ಅಗತ್ಯವೇ ಇಲ್ಲ. ದೇಹದೊಳಗೆ, ಮುಖ್ಯವಾಗಿ ಯಕೃತ್ತಿನಲ್ಲಿ, ಕಾರ್ಬಾಕ್ಸಿಲೆಸ್ಟರೇಸ್ ಎಂಬ ಕಿಣ್ವ ಆ ಕಾರ್ಬಮೇಟನ್ನು ಕತ್ತರಿಸಿ ಎಸ್‌ಎನ್-38 ಅನ್ನು ಬಿಡಿಸುತ್ತದೆ. ಕೊಟ್ಟ ಔಷಧದಲ್ಲಿ ಹೀಗೆ ಬಿಡುಗಡೆಯಾಗುವುದು ಚಿಕ್ಕ ಪಾಲು. ಅಷ್ಟೇ ಸಾಕಾಗುವಷ್ಟು ಅದು ಪ್ರಬಲ. ಜಪಾನಿನಲ್ಲಿ 1994ರಲ್ಲಿ ಬೇರೆ ಕ್ಯಾನ್ಸರ್‌ಗಳಿಗೆ ಪರವಾನಗಿ ಬಂತು, ಅಮೆರಿಕದಲ್ಲಿ 1996ರಲ್ಲಿ ಹರಡಿದ ಕರುಳಿನ ಕ್ಯಾನ್ಸರ್‌ಗೆ. ಇಲಿಗಳು ಇಲ್ಲಿಯೂ ದಾರಿ ತಪ್ಪಿಸಬಲ್ಲವು: ಅವುಗಳ ರಕ್ತದಲ್ಲಿಯೇ ಕಾರ್ಬಾಕ್ಸಿಲೆಸ್ಟರೇಸ್ ಧಾರಾಳವಾಗಿದ್ದು, ಮನುಷ್ಯರಿಗಿಂತ ಎಷ್ಟೋ ಹೆಚ್ಚು ಔಷಧ ಅವುಗಳಲ್ಲಿ ಎಸ್‌ಎನ್-38 ಆಗುತ್ತದೆ.

ಈ ಜೋಡಣೆಗೆ ಬೆಲೆಯೂ ಇದೆ. ಅದನ್ನು ನಾನು ಪುಸ್ತಕದಿಂದ ತಿಳಿದಿದ್ದೆ, ಆಮೇಲೆ ಕರುಳಿನ ಕ್ಯಾನ್ಸರ್ ಆಗಿದ್ದ ಚಿಕ್ಕಪ್ಪನನ್ನು ನೋಡಿ ತಿಳಿದೆ. ಸಿದ್ದಾಪುರದ ಅಡಿಕೆ ತೋಟದಿಂದ ಬೆಂಗಳೂರಿಗೆ ಬಂದು ನಮ್ಮ ಮನೆಯಲ್ಲಿದ್ದುಕೊಂಡು ಎರಡು ವಾರಕ್ಕೊಮ್ಮೆ ಫೋಲ್ಫಿರಿ ಕಿಮೋ ತೆಗೆದುಕೊಂಡರು. ಇರಿನೊಟೆಕಾನ್ ಡ್ರಿಪ್ ಒಂದೂವರೆ ಗಂಟೆ, ಆಮೇಲೆ 5-ಫ್ಲೋರೊಯುರಾಸಿಲ್ ಎಂಬ ಇನ್ನೊಂದು ಕ್ಯಾನ್ಸರ್ ಔಷಧ ತುಂಬಿದ ಪುಟ್ಟ ಪಂಪನ್ನು ಸೊಂಟಕ್ಕೆ ಕಟ್ಟಿಕೊಂಡು ಮನೆಗೆ. ಮೊದಲ ಸಲ ಡ್ರಿಪ್ ಇಳಿಯುತ್ತಿದ್ದಾಗಲೇ ಕಣ್ಣಲ್ಲಿ ನೀರು, ಮೈಯೆಲ್ಲ ಬೆವರು, ಹೊಟ್ಟೆಯಲ್ಲಿ ಹಿಂಡು. ನರ್ಸ್ ಸಿದ್ಧವಾಗಿಟ್ಟುಕೊಂಡಿದ್ದ ಆಟ್ರೊಪಿನ್ ಚುಚ್ಚಿದರು, ಸ್ವಲ್ಪ ಹೊತ್ತಿಗೆ ಇಳಿಯಿತು. ನೀರಿನಲ್ಲಿ ಕರಗಲೆಂದು ಜೋಡಿಸಿದ ಆ ಎರಡು ಪಿಪೆರಿಡಿನ್‌ಗಳೇ, ಗ್ರಂಥಿ ಮತ್ತು ಕರುಳುಗಳನ್ನು ಚುರುಕುಗೊಳಿಸುವ ಅಸಿಟೈಲ್‌ಕೋಲಿನ್ ಎಂಬ ನರಸಂದೇಶ ವಸ್ತುವನ್ನು ಒಡೆಯುವ ಕಿಣ್ವವನ್ನೂ ತಡೆಯುತ್ತವೆ. ಕಣ್ಣೀರು, ಬೆವರು, ತಕ್ಷಣದ ಭೇದಿ ಎಲ್ಲವೂ ಅದರಿಂದ. ಕರಗುವ ಗುಣಕ್ಕಾಗಿ ನಾವು ಪಿಪೆರಿಡಿನ್‌ನಂಥ ಒಂದು ಅಮೀನ್ (ಸಾರಜನಕವಿರುವ ಗುಂಪು) ಸೇರಿಸುವಾಗಲೆಲ್ಲ ಆ ಕುರ್ಚಿಯಲ್ಲಿ ಕುಳಿತು ಕಣ್ಣೊರೆಸಿಕೊಳ್ಳುತ್ತಿದ್ದ ಚಿಕ್ಕಪ್ಪ ನೆನಪಾಗುತ್ತಾರೆ.

ಕೆಲವು ದಿನಗಳ ನಂತರ ಬಂದ ಭೇದಿ ಬೇರೆ ಬಗೆಯದು, ಹೆಚ್ಚು ಅಪಾಯದ್ದು. ಭೇದಿ ತಡೆಯುವ ಲೋಪೆರಮೈಡ್ ಮಾತ್ರೆ ಯಾವಾಗ, ಆಸ್ಪತ್ರೆಗೆ ಫೋನ್ ಯಾವಾಗ ಎಂದು ಬರೆದ ಚೀಟಿ ನಮ್ಮ ಫ್ರಿಜ್ ಬಾಗಿಲ ಮೇಲೆ ಅಂಟಿಕೊಂಡಿತ್ತು.

“ಕೂಸೇ, ಕಾಯಿಲೆ ಕರುಳಿಗೆ, ಔಷಧಿಯೂ ಕರುಳಿಗೆ. ಹಾಗಿದ್ದ ಮೇಲೆ ಔಷಧಿ ಕರುಳನ್ನೇ ಏಕೆ ಹೀಗೆ ಸುಡುತ್ತದೆ?” ಎಂದು ಚಿಕ್ಕಪ್ಪ ಕೇಳಿದರು.

ದಿನಪತ್ರಿಕೆಯ ಅಂಚಿನಲ್ಲಿ ಚಿತ್ರ ಬರೆದು ಹೇಳಿದೆ. ಯಕೃತ್ತಿನಲ್ಲಿ ಯುಜಿಟಿ1ಎ1 ಎಂಬ ಕಿಣ್ವ ಎಸ್‌ಎನ್-38ಕ್ಕೆ ಗ್ಲುಕುರಾನಿಕ್ ಆಮ್ಲವನ್ನು ಅಂಟಿಸಿ ನಿರುಪದ್ರವಿಯಾಗಿ ಮಾಡುತ್ತದೆ. ಅದು ಪಿತ್ತರಸದ ಜೊತೆ ಕರುಳಿಗೆ ಇಳಿಯುತ್ತದೆ. ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಆ ಗ್ಲುಕುರಾನಿಕ್ ಆಮ್ಲ ಆಹಾರ. ಅವು ಬೀಟಾ-ಗ್ಲುಕುರಾನಿಡೇಸ್ ಎಂಬ ಕಿಣ್ವದಿಂದ ಅದನ್ನು ಕಿತ್ತುಕೊಂಡು ತಿನ್ನುತ್ತವೆ. ಉಳಿಯುವುದು ಮತ್ತೆ ಎಸ್‌ಎನ್-38, ಈ ಸಲ ಕರುಳಿನ ಒಳಪದರದ ಪಕ್ಕದಲ್ಲಿಯೇ. ಸದಾ ಹೊಸ ಕೋಶಗಳು ಹುಟ್ಟುತ್ತಿರುವ ಪದರ ಅದು, ಹಾಗಾಗಿ ಪೆಟ್ಟು ಜೋರು. ಚಿಕ್ಕಪ್ಪ ಚಿತ್ರವನ್ನು ಬಹಳ ಹೊತ್ತು ನೋಡಿ, “ಹಾಗಾದರೆ ಆ ಬ್ಯಾಕ್ಟೀರಿಯಾದ ಬಾಯಿ ಕಟ್ಟುವ ಔಷಧಿ ಮಾಡಬಾರದೇ?” ಎಂದರು.

ಅದನ್ನು ಮಾಡಿದವರಿದ್ದಾರೆ. ಉತ್ತರ ಕ್ಯಾರೊಲಿನಾ ವಿಶ್ವವಿದ್ಯಾಲಯದ ಮ್ಯಾಥ್ಯೂ ರೆಡಿನ್‌ಬೊ ತಂಡ 2010ರಲ್ಲಿ ಬ್ಯಾಕ್ಟೀರಿಯಾದ ಬೀಟಾ-ಗ್ಲುಕುರಾನಿಡೇಸ್‌ಗೆ ಮಾತ್ರ ಅಂಟಿಕೊಂಡು ಮನುಷ್ಯರ ಅದೇ ಹೆಸರಿನ ಕಿಣ್ವವನ್ನು ಮುಟ್ಟದ ಸಣ್ಣ ಅಣುಗಳನ್ನು ಪ್ರಕಟಿಸಿತು. ಬ್ಯಾಕ್ಟೀರಿಯಾದ ಕಿಣ್ವದಲ್ಲಿ ಮನುಷ್ಯರ ಕಿಣ್ವದಲ್ಲಿ ಇಲ್ಲದ ಒಂದು ಸುರುಳಿಭಾಗವಿದೆ, ಅಣುಗಳು ಹಿಡಿಯುವುದು ಅದನ್ನು. ಬ್ಯಾಕ್ಟೀರಿಯಾಗಳನ್ನು ಕೊಲ್ಲದೆ ಈ ಒಂದು ಕೆಲಸ ಮಾತ್ರ ನಿಲ್ಲಿಸುತ್ತವೆ. ಇರಿನೊಟೆಕಾನ್ ಕೊಟ್ಟ ಇಲಿಗಳಲ್ಲಿ ಭೇದಿ ತಗ್ಗಿತು. ಇದೇ ರೆಡಿನ್‌ಬೊ 1998ರಲ್ಲಿ ಮನುಷ್ಯರ ಟೋಪೋಐಸೊಮರೇಸ್-1 ಡಿಎನ್‌ಎಯನ್ನು ಹಿಡಿದಿರುವ ಸ್ಫಟಿಕ ರಚನೆಯನ್ನು ಮೊದಲು ತೋರಿಸಿದವರಲ್ಲಿ ಒಬ್ಬರು. ಗುರಿಯಿಂದ ಆರಂಭಿಸಿ, ಅಣು ಹೊರಬೀಳುವ ಕೊನೆಯ ಕಿಣ್ವದವರೆಗೆ ಒಬ್ಬ ವಿಜ್ಞಾನಿ ಹಿಂಬಾಲಿಸಿದ ಈ ಬಗೆಯನ್ನು ನಾನು ಬಹಳ ಗೌರವದಿಂದ ಕಾಣುತ್ತೇನೆ. ಇಂಥ ಅಣುವೊಂದು ಇರಿನೊಟೆಕಾನ್ ಜೊತೆಗೆ ನುಂಗುವ ಮಾತ್ರೆಯಾಗಿ ವಾರ್ಡಿಗೆ ಬರಬೇಕೆಂಬುದು ನನ್ನ ದೊಡ್ಡ ಆಸೆ.

ಚಿಕ್ಕಪ್ಪನ ಗೆಡ್ಡೆಗಳು ಕುಗ್ಗಿದವು. ಮತ್ತೆರಡು ಅಡಿಕೆ ಕೊಯ್ಲನ್ನು ಅಂಗಳದಲ್ಲಿ ನಿಂತು ಮಾಡಿಸಿದರು. ಅಷ್ಟು ಕಾಲ ಕೊಟ್ಟ ಅಣುವಿನ ಮೇಲೆ ನನಗೆ ಕೃತಜ್ಞತೆಯಿದೆ, ಅದು ಅವರನ್ನು ಅಷ್ಟು ನೋಯಿಸಿದ್ದರ ಮೇಲೆ ಸಿಟ್ಟೂ ಇದೆ. ಕೆಲಸಕ್ಕೆ ಕೂತಾಗ ಎರಡೂ ಜೊತೆಗಿರುತ್ತವೆ.

ಈ ಕುಟುಂಬದ ವಿನ್ಯಾಸ ಇನ್ನೂ ನಿಂತಿಲ್ಲ. ಪರ್ಡ್ಯೂ ವಿಶ್ವವಿದ್ಯಾಲಯದ ಮಾರ್ಕ್ ಕುಶ್‌ಮನ್ ಮತ್ತು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಈವ್ ಪೊಮಿಯೆ ಲ್ಯಾಕ್ಟೋನ್ ಉಂಗುರವೇ ಇಲ್ಲದ ಇಂಡೆನೊಐಸೊಕ್ವಿನೊಲಿನ್ ಅಣುಗಳನ್ನು ರೂಪಿಸಿದರು. ತೆರೆದುಕೊಳ್ಳಲು ಉಂಗುರವಿಲ್ಲದ ಮೇಲೆ ಆಲ್ಬುಮಿನ್‌ನ ತೊಂದರೆಯೂ ಇಲ್ಲ. ಇನ್ನೊಂದು ದಾರಿ, ಕ್ಯಾನ್ಸರ್ ಕೋಶವನ್ನು ಗುರುತಿಸಿ ಅಂಟಿಕೊಳ್ಳುವ ಪ್ರತಿಕಾಯ ಎಂಬ ಪ್ರೋಟೀನಿಗೆ ಅಣುವನ್ನು ಕಟ್ಟಿ ಕಳಿಸುವುದು. ಸ್ತನ ಕ್ಯಾನ್ಸರ್‌ಗೆ 2020ರಲ್ಲಿ ಬಂದ ಸಾಸಿಟುಜುಮ್ಯಾಬ್ ಗೊವಿಟೆಕಾನ್ ಹೊತ್ತೊಯ್ಯುವುದು ನಮ್ಮ ಇದೇ ಎಸ್‌ಎನ್-38 ಅನ್ನು. ಟ್ರಾಸ್ಟುಜುಮ್ಯಾಬ್ ಡೆರುಕ್ಸ್‌ಟೆಕಾನ್ ಹೊರುವುದು ಕ್ಯಾಂಪ್ಟೊಥೆಸಿನ್ ವಂಶದ ಇನ್ನೊಂದು ಅಣುವನ್ನು. 2024ರಲ್ಲಿ ಅದಕ್ಕೆ ಹರ್2 ಪ್ರೋಟೀನ್ ಅತಿಯಾಗಿರುವ ಯಾವುದೇ ಅಂಗದ ಘನ ಗೆಡ್ಡೆಗೂ ಅಮೆರಿಕದಲ್ಲಿ ಪರವಾನಗಿ ದೊರಕಿತು, ಕರುಳಿನ ಕ್ಯಾನ್ಸರ್ ಸಹ ಅದರಲ್ಲಿ ಸೇರಿದೆ. ಆದರೆ ಕರುಳಿನ ಕ್ಯಾನ್ಸರ್ ಇರುವ ನೂರರಲ್ಲಿ ಕೆಲವರಿಗೆ ಮಾತ್ರ ಹರ್2 ಹಾಗಿರುತ್ತದೆ. ಉಳಿದ ಬಹಳಷ್ಟು ಜನರಿಗೆ ಇಂದಿಗೂ ಇರಿನೊಟೆಕಾನ್ ಡ್ರಿಪ್ಪೇ ಗತಿ.

ಅಂಥವರ ಮನೆಯವರು ಇದನ್ನು ಓದುತ್ತಿದ್ದರೆ ಒಂದು ಮಾತು. ಯುಜಿಟಿ1ಎ1 ಜೀನಿನ ಆರಂಭದ ಭಾಗದಲ್ಲಿ ಟಿಎ ಎಂಬ ಎರಡಕ್ಷರ ಸಾಮಾನ್ಯವಾಗಿ ಆರು ಸಲ ಬರುತ್ತದೆ. ಕೆಲವರಲ್ಲಿ ಏಳು ಸಲ ಇರುತ್ತದೆ, ನಮ್ಮ ದೇಶದಲ್ಲಿ ಇದು ಅಪರೂಪವೇನಲ್ಲ. ತಂದೆ ಮತ್ತು ತಾಯಿ ಇಬ್ಬರಿಂದಲೂ ಏಳರ ಪ್ರತಿಯೇ ಬಂದಿದ್ದರೆ ಕಿಣ್ವ ಕಡಿಮೆ ತಯಾರಾಗುತ್ತದೆ, ಎಸ್‌ಎನ್-38 ದೇಹದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ, ಬಿಳಿ ರಕ್ತಕಣಗಳು ಅಪಾಯದ ಮಟ್ಟಕ್ಕೆ ಇಳಿಯಬಹುದು. ಅಂಥವರಿಗೆ ಆರಂಭದ ಪ್ರಮಾಣ ತಗ್ಗಿಸುವ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲಿಯೇ ಔಷಧದ ವಿವರಪತ್ರದಲ್ಲಿ ಸೇರಿಸಿದೆ. ಚಿಕ್ಕಪ್ಪನ ವೈದ್ಯರು ಕಿಮೋಗೆ ಮುಂಚೆಯೇ ಈ ಪರೀಕ್ಷೆ ಮಾಡಿಸಿದ್ದರು, ಒಂದು ಪ್ರತಿ ಆರು, ಇನ್ನೊಂದು ಏಳು ಎಂದು ಬಂತು, ರಕ್ತ ಪರೀಕ್ಷೆಗಳನ್ನು ಬಿಗಿಯಾಗಿ ಇಟ್ಟುಕೊಂಡು ಮುಂದುವರಿದರು. ಕಾಮಾಲೆಯಲ್ಲಿ ಹೆಚ್ಚಾಗುವ ಹಳದಿ ವಸ್ತು ಬಿಲಿರುಬಿನ್ ಅನ್ನು ಹೊರಹಾಕಲು ನೆರವಾಗುವುದೂ ಇದೇ ಕಿಣ್ವ. ಹಾಗಾಗಿ ನಿಮ್ಮ ರೋಗಿಗೆ ಬೇರೆ ಯಾವ ಕಾಯಿಲೆಯೂ ಇಲ್ಲದೆ ಹಳೆಯ ರಿಪೋರ್ಟುಗಳಲ್ಲಿ ಬಿಲಿರುಬಿನ್ ಸದಾ ಸ್ವಲ್ಪ ಹೆಚ್ಚಿದ್ದರೆ, ಉಪವಾಸ ಮಾಡಿದಾಗ ಕಣ್ಣು ಹಳದಿಯಾಗುವ ಅಭ್ಯಾಸವಿದ್ದರೆ, ಆ ರಿಪೋರ್ಟುಗಳನ್ನು ತೆಗೆದುಕೊಂಡು ಹೋಗಿ ಮೊದಲ ಡ್ರಿಪ್‌ಗೆ ಮುಂಚೆಯೇ ವೈದ್ಯರ ಮುಂದೆ ಇಡಿ, ಯುಜಿಟಿ1ಎ1 ಪರೀಕ್ಷೆ ಬೇಕೇ ಎಂದು ಕೇಳಿ.